ಹಮಾಮಿನ ಮೇಲೆ ಎಳೆದ ಕೆಂಪು ಗೀಟು

ಸಿಟ್ಟು ಇಳಿದ ಮೇಲೆ ಬರೆಯಬೇಕು ಎಂದು ಬಲ್ಲವರು ಹೇಳುತ್ತಾರೆ. ಅದಕ್ಕೇ ಇಷ್ಟು ವರ್ಷ ಕಾದೆ. ಇಳಿಯಲಿಲ್ಲ. ಇನ್ನು ಕಾದರೆ ನಾನೇ ಇರುತ್ತೇನೋ ಇಲ್ಲವೋ, ಸಿಟ್ಟಿನಲ್ಲೇ ಬರೆದುಬಿಡುತ್ತೇನೆ.

ಕನ್ನಡ ನಾಡೆಲ್ಲ ಕೂಡಿ ಒಂದು ರಾಜ್ಯವಾದ ಹೊಸದು. ಹೈದರಾಬಾದಿನ ಕಡೆ ಮುಖ ಮಾಡಿದ್ದ ನಮ್ಮ ಕಡತಗಳೆಲ್ಲ ಬೆಂಗಳೂರಿನ ಕಡೆ ತಿರುಗಿದ್ದವು. ನಾನು ಸರ್ಕಾರಿ ಕಟ್ಟಡಗಳ ಓವರ್‌ಸಿಯರ್. ಶಹಾಪುರದ ದವಾಖಾನೆಯ ಹಿಂದೆ ಹೊಸ ಹೆರಿಗೆ ವಾರ್ಡು ಏಳುತ್ತಿತ್ತು, ಅದು ನನ್ನ ಕೆಲಸ. ಗೋಡೆ ಎದ್ದಿತ್ತು, ಛಾವಣಿ ಮುಗಿದಿತ್ತು, ನೆಲಕ್ಕೆ ಫರಸಿ ಹಾಸಿಯಾಗಿತ್ತು. ಉಳಿದದ್ದು ನೀರು. ಬಿಸಿನೀರಿಗೆ ಏನು ಕೂಡಿಸಬೇಕು, ತಣ್ಣೀರಿಗೆ ಎಂಥ ಟಾಕಿ ಇಡಬೇಕು ಎಂಬುದು. ಓದುವವರಿಗೆ ಇದೊಂದು ವಿಷಯವೇ ಎನಿಸಬಹುದು. ಹೆರಿಗೆ ವಾರ್ಡಿನಲ್ಲಿ ಇದೇ ವಿಷಯ, ಉಳಿದದ್ದೆಲ್ಲ ಗೋಡೆ.

ದವಾಖಾನೆಯಲ್ಲಿ ರಾಯಚೂರಿನ ಕಡೆಯ ಒಬ್ಬ ಲೇಡಿ ಡಾಕ್ಟರ್ ಇದ್ದರು. ಮೊದಲ ದಿನವೇ ನನ್ನನ್ನು ನಿಲ್ಲಿಸಿಕೊಂಡು ಹೇಳಿದರು: "ನೋಡ್ರಿ, ಹೆರಿಗಿ ನಾ ಮಾಡಸ್ತೀನಿ. ಆದ್ರ ಹೆತ್ತ ಮ್ಯಾಲ ಹೆಂಗಸ್ರು ಇಲ್ಲಿ ನಿಂದ್ರವಲ್ರು. ನೀರ ಹಾಕ್ಕೊಳಾಕ ಮನಿಗಿ ಓಡ್ತಾರ. ಕುಲುಕೋ ಗಾಡ್ಯಾಗ ಹಸಿ ಬಾಣಂತಿ ಹೋದ್ರ ಏನ ಆಗ್ತದ ನಿಮಗೇನ ಗೊತ್ತು. ನನಗ ನೀರ ಕೊಡ್ರಿ, ನಾ ಅವರನ್ನ ಇಟ್ಕೋತೀನಿ."

ನನಗೆ ಗೊತ್ತಿಲ್ಲದೆ ಏನು? ನಮ್ಮ ಕಡೆ ಬಾಣಂತಿಗೆ ನೀರು ಹಾಕುವುದೆಂದರೆ ಒಂದು ಬಕೀಟಿನಲ್ಲಿ ಮೈ ತೊಳೆಯುವುದಲ್ಲ. ಎಣ್ಣೆ, ಅರಿಷಿಣ ತಿಕ್ಕಿ, ಬಚ್ಚಲಲ್ಲಿ ಕೂರಿಸಿ, ಬೆನ್ನು ಕೆಂಪಾಗುವ ತನಕ ತಂಬಿಗೆಯ ಮೇಲೆ ತಂಬಿಗೆ ಸುಡುನೀರು ಹೊಯ್ಯುತ್ತಾರೆ. ಒಬ್ಬಳಿಗೇ ಒಂದು ಹಂಡೆ ಖಾಲಿ. ಆ ಮೇಲೆ ಹೊರಸು, ಕೆಂಡ, ಲೋಬಾನದ ಹೊಗೆ. ನೀರಿಲ್ಲದ ಬಾಣಂತನ ಬಾಣಂತನವೇ ಅಲ್ಲ. ಡಾಕ್ಟರಮ್ಮನಿಗೆ ಅಷ್ಟು ಸುಡುನೀರು ಮನಸ್ಸಿಗೆ ಬರುತ್ತಿರಲಿಲ್ಲ. "ಹೊಟ್ಟಿ ಬಿಟ್ಟು ಬೆನ್ನಿಗಿ ಹಾಕ್ಲಿ, ನಾ ಕಣ್ಣ ಮುಚ್ಕೋತೀನಿ" ಎಂದು ರಾಜಿಯಾಗಿದ್ದರು.

ಇಬ್ಬರೂ ಕೂತು ಲೆಕ್ಕ ಹಾಕಿದೆವು. ಕೈಪಿಡಿಯಲ್ಲಿ ರೋಗಿಗೆ ಇಷ್ಟು ನೀರೆಂದು ಬರೆದಿರುತ್ತದೆ, ಅದನ್ನು ಪಕ್ಕಕ್ಕಿಟ್ಟೆ. ಬೆಳಿಗ್ಗೆ ಬಾಣಂತಿಯರೆಲ್ಲ ಒಮ್ಮೆಲೇ ನೀರು ಕೇಳುತ್ತಾರೆ, ಅದಕ್ಕೊಂದು ದೊಡ್ಡ ಹಮಾಮು. ಹೆರಿಗೆ ಕೋಣೆಗೆ ಹಗಲೂ ರಾತ್ರಿ ಕಾದ ನೀರು ಬೇಕು, ಅದಕ್ಕೆ ಇನ್ನೊಂದು. ಹಮಾಮೆಂದರೆ ನಮ್ಮ ಹೈದರಾಬಾದ್ ಸೀಮೆಯಲ್ಲಿ ಮನೆಮನೆಗೆ ಗೊತ್ತಿದ್ದ ವಸ್ತು: ಎದೆಯುದ್ದದ ತಾಮ್ರದ ಸಿಲಿಂಡರು, ನಡುವೆ ಬೆಂಕಿಯ ಕೊಳವೆ, ಕೆಳಗೆ ಜಾಳಿಗೆ. ತಣ್ಣೀರು ತಳದಿಂದ ಒಳಹೋಗಬೇಕು, ಕಾದ ನೀರು ಮೇಲಿನಿಂದ ಹೊರಬರಬೇಕು. ಹತ್ತಿ ಕಟ್ಟಿಗೆ ಹಾಕಿದರೂ ಕಾಯುತ್ತದೆ. ತಾಮ್ರವೇ ಯಾಕೆಂದರೆ ದವಾಖಾನೆಯ ಬಾವಿಯ ನೀರು ಸವುಳು. ಕಬ್ಬಿಣವಾದರೆ ಒಳಗೆಲ್ಲ ತುಕ್ಕು ಹಿಡಿದು, ಸುಣ್ಣದಂಥ ಪದರು ಕಟ್ಟಿ, ಕೊಳವೆ ಮುಚ್ಚಿಹೋಗುತ್ತದೆ. ತಾಮ್ರಕ್ಕೆ ಒಳಗೆ ಕಲಾಯಿ ಮಾಡಿಸಿ, ಆಗಾಗ ಹುಣಸೆ ಹುಳಿ ಹಾಕಿ ತೊಳೆದರೆ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ.

ತಣ್ಣೀರಿಗೆ ಶಹಾಬಾದಿ ಫರಸಿಯ ಹೌದು, ಅಂದರೆ ಕಲ್ಲಿನ ತೊಟ್ಟಿ, ಎಂದು ಬರೆದೆ. ಬಡಗು ಗೋಡೆಯ ನೆರಳಿನಲ್ಲಿ, ಕಲ್ಲುಕಟ್ಟೆಯ ಮೇಲೆ, ಹಮಾಮಿನ ತಲೆಗಿಂತ ಎತ್ತರಕ್ಕೆ. ಬಾವಿಯಿಂದ ಕೈಪಂಪಿನಲ್ಲಿ ಅದನ್ನು ತುಂಬಿದರೆ ನೀರು ತಾನೇ ಇಳಿದು ಹಮಾಮಿಗೆ ಹೋಗುತ್ತದೆ. ಅಂದಾಜುಪಟ್ಟಿ ಇಂಗ್ಲಿಷಿನಲ್ಲಿತ್ತು, ಸಾಮಾನಿನ ಹೆಸರುಗಳು ಮಾತ್ರ ಹಳೆಯವೇ: ಹಮಾಮ್ ಎರಡು, ಹೌದು ಒಂದು. ಹಿಂದೆಲ್ಲ ಹಾಗೇ ಬರೆಯುತ್ತಿದ್ದೆವು, ಹಾಗೇ ಮಂಜೂರಾಗುತ್ತಿತ್ತು.

ಸಾಮಾನು ಯಾದಗಿರಿ ಸ್ಟೇಷನ್ನಿಗೆ ಬಂದಿದೆ ಎಂದು ಸುದ್ದಿ ಬಂತು. ಲಾರಿ ತೆಗೆದುಕೊಂಡು ಹೋದೆ. ಗೂಡ್ಸ್ ಶೆಡ್ಡಿನಲ್ಲಿ ಒಂದು ಕಬ್ಬಿಣದ ಟಾಕಿ ಬಾಯಿ ತೆರೆದು ಕೂತಿತ್ತು. ಹಮಾಮು ಎಲ್ಲಿ ಎಂದರೆ ಅಲ್ಲಿದ್ದವನು ನನ್ನ ಮುಖವನ್ನೇ ನೋಡಿದ. ಸಾಮಾನಿನ ಜೊತೆ ವಾಪಸು ಬಂದಿದ್ದ ಅಂದಾಜುಪಟ್ಟಿ ಬಿಚ್ಚಿದೆ. ಹಮಾಮಿನ ಮೇಲೆ ಕಲಬುರ್ಗಿಯ ದೊಡ್ಡ ಇಂಜಿನಿಯರು ಎಳೆದ ಕೆಂಪು ಶಾಯಿಯ ಗೀಟು. ಪಕ್ಕದಲ್ಲಿ ಚೆಂದದ ಅಕ್ಷರದಲ್ಲಿ ಷರಾ: ಬಡ ರೋಗಿಗಳ ಆಸ್ಪತ್ರೆಯಲ್ಲಿ ನವಾಬರ ಸ್ನಾನಗೃಹಕ್ಕೆ ಅವಕಾಶವಿಲ್ಲ. ಹೌದಿನ ಮೇಲೂ ಗೀಟು, ಅದಕ್ಕೆ ಬದಲು ಕಬ್ಬಿಣದ ಟಾಕಿ, ಛಾವಣಿಯ ಮೇಲೆ ಇಡತಕ್ಕದ್ದು.

ಅಂಗಾಲಿನ ಉರಿ ನೆತ್ತಿಗೇರಿತು ಎನ್ನುತ್ತಾರಲ್ಲ, ಅದೇನೆಂದು ಅಂದು ತಿಳಿಯಿತು. ನವಾಬರ ಸ್ನಾನಗೃಹವಂತೆ! ಆತ ಹಮಾಮೆಂದರೆ ಅಮೃತಶಿಲೆಯ ಕೊಳ, ಗುಲಾಬಿ ನೀರು, ಬೀಸಣಿಗೆ ಹಿಡಿದ ದಾಸಿಯರು ಎಂದು ತಿಳಿದುಕೊಂಡಿದ್ದ. ಅವನಿಗೆ ಗೊತ್ತಿಲ್ಲದ ಒಂದು ಮಾತು ಕಂಡಿತು, ಯಾರನ್ನೂ ಕೇಳಲಿಲ್ಲ, ಗೀಟು ಎಳೆದ. ಕೇಳಿದ್ದರೆ ಅವನ ಕಚೇರಿಯ ಜವಾನನೇ ಹೇಳುತ್ತಿದ್ದ.

ಮರುದಿನವೇ ಕಲಬುರ್ಗಿಗೆ ಹೋದೆ. ಈ ದೊಡ್ಡ ಇಂಜಿನಿಯರು ಹಳೆ ಮೈಸೂರಿನ ಕಡೆಯವರು, ಬಂದು ಬಹಳ ದಿನವಾಗಿರಲಿಲ್ಲ. ಖಾದಿ ಉಡುತ್ತಿದ್ದರು, ಯಾರ ಮನೆಯ ಚಹಾ ಕೂಡ ಮುಟ್ಟುತ್ತಿರಲಿಲ್ಲ. ಪ್ರಾಮಾಣಿಕ ಮನುಷ್ಯ, ಅದನ್ನು ಇವತ್ತೂ ಒಪ್ಪುತ್ತೇನೆ. ಲಂಚ ತಿನ್ನುವವನಾಗಿದ್ದರೆ ಕೆಲಸವಾದರೂ ಆಗುತ್ತಿತ್ತು ಎಂದು ಅಂದು ಅನಿಸಿದ್ದೂ ನಿಜ.

"ಸಾಹೇಬ್ರ, ಹಮಾಮ್ ಅಂದ್ರ ಸ್ನಾನದ ಮನಿ ಅಲ್ರಿ. ನೀರ ಕಾಸೋ ತಾಮ್ರದ್ದು. ನಮ್ಮ ಕಡಿ ಹಂಗ ಅಂತಾರ್ರಿ" ಎಂದೆ.

ಅವರು ಕಡತದಿಂದ ತಲೆ ಎತ್ತಲಿಲ್ಲ. "ನೀರು ಕಾಯಿಸೋಕೆ ಹಂಡೆ ಸಾಲದೇನ್ರೀ? ನಮ್ಮೂರಲ್ಲಿ ಎಲ್ಲಾ ಹಂಡೇಲೇ ಕಾಯಿಸ್ತಾರೆ. ಯಾರೂ ಸತ್ತಿಲ್ಲ."

"ಮನಿಗಿ ಹಂಡೆ ಸಾಕ್ರಿ. ವಾರ್ಡಿಗಿ ಸಾಲೂದಿಲ್ರಿ. ತುಂಬೋದು, ತೋಡೋದು, ಕುದಿಯೋ ನೀರ ಹೊತ್ತು ಅಂಗಳ ದಾಟೋದು..."

"ನೋಡಿ, ಒಂದು ಸಲ ತೆಗೆದಿದ್ದನ್ನ ಮತ್ತೆ ಸೇರಿಸೋಕಾಗಲ್ಲ. ಆಡಿಟ್ಟಿನವರಿಗೆ ಏನಂತ ಹೇಳ್ಲಿ? ನನಗೆ ಅರ್ಥ ಗೊತ್ತಾಗಲಿಲ್ಲ ಅಂತಲಾ?"

ಹೌದು, ಹಾಗೇ ಹೇಳಬೇಕಿತ್ತು! ಅಷ್ಟೇ ಹೇಳಬೇಕಿತ್ತು. ಅವರಿಗೆ ಆ ಕ್ಷಣಕ್ಕೆ ಅರ್ಥವಾಗಿತ್ತು, ಕಿವಿ ಕೆಂಪಾದದ್ದನ್ನು ನಾನು ನೋಡಿದೆ. ಗೊತ್ತಿಲ್ಲದೆ ಮಾಡಿದ ತಪ್ಪಿಗೆ ನನಗೆ ಸಿಟ್ಟಿಲ್ಲ. ಗೊತ್ತಾದ ಮೇಲೂ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಕೂತರಲ್ಲ, ಅದಕ್ಕೆ. ಬಾಗಿಲ ತನಕ ಬಂದಾಗ ಹಿಂದಿನಿಂದ ಒಂದು ಮಾತು ಬೇರೆ: "ನೀವು ಹೈದರಾಬಾದಿನವರು ಹಳೇ ಷೋಕಿ ಬಿಡಬೇಕ್ರೀ." ನಾನು ಸುರಪುರದವನು. ನನ್ನ ಜನ್ಮದಲ್ಲಿ ಕಂಡ ಷೋಕಿಯೆಂದರೆ ಹಬ್ಬದ ದಿನದ ಹೋಳಿಗೆ.

ಅಪ್ಪಣೆಯಂತೆ ಟಾಕಿಯನ್ನು ಛಾವಣಿಗೆ ಏರಿಸಿದೆ, ಹಿಂದಿನ ಚಪ್ಪರದಲ್ಲಿ ಒಲೆ ಹೂಡಿ ಹಂಡೆ ಕೂಡಿಸಿದೆ. ಆದದ್ದೇನು? ಶಹಾಪುರದ ಬಿಸಿಲಿಗೆ ಛಾವಣಿಯ ಟಾಕಿ ಕಾದು, ಮಧ್ಯಾಹ್ನ ತಣ್ಣೀರಿನ ನಲ್ಲಿ ಮುಟ್ಟಿದರೆ ಕೈ ಸುಡುತ್ತಿತ್ತು. ಬಿಸಿನೀರು ಬೇಕಾದ ಮುಂಜಾನೆ ಚಪ್ಪರದ ತುಂಬ ಹೊಗೆ. ಹಂಡೆಯ ನೀರಿನ ಮೇಲೆ ಬೂದಿ ತೇಲುತ್ತಿತ್ತು. ಅಂಗಳ ದಾಟಿ ಬಚ್ಚಲಿಗೆ ಬರುವಷ್ಟರಲ್ಲಿ ಅದು ಉಗುರುಬೆಚ್ಚಗೆ. ಒಂದು ದಿನ ಆಯಾ ಒಲೆಯ ಬಳಿಯೇ ಕಾಲು ಜಾರಿ ಕೊಡ ಸಮೇತ ಬಿದ್ದು ತೊಡೆ ಸುಟ್ಟುಕೊಂಡಳು. ಅವಳೂ ಅದೇ ವಾರ್ಡಿನ ಮೂಲೆಯಲ್ಲಿ ಮಲಗಿದಳು. ಆ ದಿನಗಳಲ್ಲೇ ಇಬ್ಬರು ಬಾಣಂತಿಯರು ನೀರಿಲ್ಲವೆಂದು ಗಾಡಿ ಹತ್ತಿ ಹೋದರು. ಒಬ್ಬಳು ವಡಗೇರಾ ಕಡೆಯವಳು. ದಾರಿಯಲ್ಲೇ ರಕ್ತ ಹರಿಯತೊಡಗಿ, ಊರು ಮುಟ್ಟಿದ ಮೇಲೆ ತೀರಿಹೋದಳಂತೆ. ಡಾಕ್ಟರಮ್ಮ ಇದನ್ನು ಹೇಳುವಾಗ ನನ್ನನ್ನು ನೋಡಲಿಲ್ಲ, ಕಿಟಕಿಯ ಹೊರಗೆ ನೋಡುತ್ತಿದ್ದರು.

ನಾನು ಮತ್ತೆ ಬರೆದೆ. ಆ ಬಾಣಂತಿ ಸತ್ತದ್ದನ್ನೂ ಬರೆದೆ. ಉತ್ತರ ಬಂತು: ಹಂಡೆಗೆ ಮುಚ್ಚಳ ಮಾಡಿಸತಕ್ಕದ್ದು.

ಆಗ ಬಂದಳು ಸಗರವೆಂಬ ಊರಿನ ಹೆಣ್ಣುಮಗಳು. ಕುರಿ ಸಾಕುವ ಮನೆತನ. ಹಿಂದೆ ಎರಡು ಕೂಸು ಮನೆಯಲ್ಲೇ ಹುಟ್ಟಿ ಮನೆಯಲ್ಲೇ ಹೋಗಿದ್ದವು. ಈ ಸಲ ಅತ್ತೆ ಹಟ ಹಿಡಿದು, ಊರವರ ಮಾತು ಕೇಳದೆ ದವಾಖಾನೆಗೆ ಕರೆತಂದಿದ್ದಳು. ಕೂಸು ಬದುಕಿತು. ತಾಯಿಗೆ ಮಾತ್ರ ಬಹಳ ರಕ್ತ ಹೋಗಿ, ಮೈ ಸುಣ್ಣದ ಹಾಗೆ ಬಿಳಿಚಿತ್ತು. ಹಾಸಿಗೆ ಬಿಟ್ಟು ಗಾಡಿ ಹತ್ತಿಸಿದರೆ ವಡಗೇರಾದವಳ ಗತಿಯೇ ಇವಳಿಗೂ ಎಂದು ಡಾಕ್ಟರಮ್ಮ ಖಡಾಖಂಡಿತ ಹೇಳಿದರು.

ಅತ್ತೆ ನಲ್ಲಿಯ ಕೆಳಗೆ ನಿಂತು ಕೊಡದೊಳಗೆ ಕೈ ಅದ್ದಿ, ಕೈ ಝಾಡಿಸಿ ನನ್ನ ಕಡೆ ತಿರುಗಿದಳು. "ಇವಕ್ಕ ನೀರ ಅಂತೀರೇನ್ರಿ ಓವರ್‌ಸೀರ ಸಾಹೇಬ್ರ? ಇದ್ರಾಗ ಎಮ್ಮಿ ಕರಾನೂ ಮೈ ತೊಳಕೊಳ್ಳೂದಿಲ್ಲ! ನನ್ನ ಸೊಸಿ ಮೈ ಹಸೀದು ಅದ. ತಂಡಿ ಹೊಕ್ಕರ ನೀವು ಕೊಡ್ತೀರೇನು ಆಕೀನ್ನ ವಾಪಸ್?"

"ಅವ್ವಾ, ಜರಾ ತಡಿ. ಗಾಡ್ಯಾಗ ಹಾಕಬ್ಯಾಡ."

"ಎಷ್ಟ ತಡೀಲಿ? ಸಂತಿ ದಿನ ನನ್ನ ಮಗ ಗಾಡಿ ಕಟ್ಕೊಂಡ ಬರ್ತಾನ. ಅಷ್ಟರಾಗ ನೀರ ಬಂದ್ವು ಅಂದ್ರ ಇರ್ತೀವಿ. ಇಲ್ಲಂದ್ರ ನಮ್ಮ ಹಣಿಬಾರ, ಹೋಗ್ತೀವಿ."

ಅವಳದೇನು ತಪ್ಪು? ಊರನ್ನೆಲ್ಲ ಎದುರು ಹಾಕಿಕೊಂಡು ಬಂದವಳು. ಅವಳಿಗೆ ನಾವು ಕೊಟ್ಟದ್ದು ಬೂದಿಯ ನೀರು.

ಸಂತೆಗೆ ಇನ್ನೊಂದೇ ದಿನ ಇದ್ದಾಗ ನಾನು ಸುರಪುರಕ್ಕೆ ಹೋಗಬೇಕಾಯಿತು. ಅಧಿಕಾರಿಗಳು ತಂಗುವ ಸರ್ಕಾರಿ ಬಂಗಲೆಯ ಹಂಚು ಒಡೆದಿತ್ತು, ದೊಡ್ಡ ಇಂಜಿನಿಯರು ಸವಾರಿ ಬರುವವರಿದ್ದರು, ಅದಕ್ಕೆ ಮುಂಚೆ ದುರಸ್ತಿಯಾಗಬೇಕು. ಹಂಚು ನೋಡಿ ಇಳಿದು ಕೈ ತೊಳೆಯಲು ಬಚ್ಚಲಿಗೆ ಹೋದೆ. ಮೂಲೆಯಲ್ಲಿ ನಿಂತಿತ್ತು ಹಮಾಮು. ಹಳೆ ಕಾಲದ ದಪ್ಪ ತಾಮ್ರ, ಹಿತ್ತಾಳೆಯ ನಲ್ಲಿ, ಹುಣಸೆ ಹಚ್ಚಿ ಫಳಫಳ ಬೆಳಗಿದ್ದು. ನಾನು ಅದನ್ನು ಎಷ್ಟೋ ಸಲ ನೋಡಿದ್ದೆ, ಒಮ್ಮೆ ನಲ್ಲಿಯನ್ನೂ ಬದಲಿಸಿದ್ದೆ.

"ಸಾಹೇಬ್ರು ಹ್ವಾದ ಸಲ ಬಂದಾಗ ಇದ್ರಾಗಿನ ನೀರೇ ಹಾಕ್ಕೊಂಡ್ರೇನು?" ಎಂದು ಚೌಕೀದಾರನನ್ನು ಕೇಳಿದೆ.

"ಹೌದ್ರಿ. ಭಾಳ ಖುಷಿ ಆದ್ರು. ಬಾಯ್ಲರ್ ಛಲೋ ಅದ, ಚೊಕ್ಕ ಇಟ್ಟೀಯ ಅಂದ್ರು."

ಬಾಯ್ಲರ್! ನಗು ಬಂತೋ ಸಿಟ್ಟು ಬಂತೋ ಹೇಳಲಾರೆ. ತಾನು ಮಿಂದರೆ ಬಾಯ್ಲರು, ಬಾಣಂತಿ ಮಿಂದರೆ ನವಾಬರ ಷೋಕಿ. ಸ್ಪ್ಯಾನರು ತರಿಸಿದೆ.

ಚೌಕೀದಾರ ಕೈ ಮುಗಿದ. "ಸಾಹೇಬ್ರ, ನನ್ನ ನೌಕ್ರಿ ಹೋಗ್ತದ್ರಿ."

"ನಿಂದ್ಯಾಕ ಹೋಗ್ತದ? ಓವರ್‌ಸೀರ ಒಯ್ದಾನ ಅಂತ ಹೇಳು. ಗಟ್ಟಿ ಹೇಳು."

ಮೊದಲು ನೀರು ಪೂರಾ ಬಸಿದೆವು. ತಳದ ಜೋಡಣೆ ವರ್ಷಾನುಗಟ್ಟಲೆ ಬಿಚ್ಚದೆ ಬಿಗಿದು ಹೋಗಿತ್ತು. ಎಣ್ಣೆ ಬಿಟ್ಟು, ಬೆಂಕಿ ತೋರಿಸಿ, ತಾಮ್ರಕ್ಕೆ ಪೆಟ್ಟು ಬೀಳದ ಹಾಗೆ ನಡುವೆ ಕಟ್ಟಿಗೆ ಇಟ್ಟು ಬಡಿದು ಸಡಿಲಿಸಿದೆವು. ಹುಲ್ಲು ಹಾಸಿದ ಲಾರಿಯಲ್ಲಿ ಮಲಗಿಸಿ, ಹಗ್ಗ ಬಿಗಿದು, ಶಹಾಪುರಕ್ಕೆ ತಂದೆ. ಬಂಗಲೆಯ ಕಾಗದದಲ್ಲಿ ದುರಸ್ತಿಗಾಗಿ ಒಯ್ಯಲಾಗಿದೆ ಎಂದು ಬರೆದು ಸಹಿ ಮಾಡಿದೆ. ಏನು ದುರಸ್ತಿಯಾಗಬೇಕೆಂದು ಬರೆಯಲಿಲ್ಲ.

ಸಂತೆಯ ಮುಂಜಾನೆಯೇ ಕೆಲಸ ಹಿಡಿದೆವು. ಬಚ್ಚಲಿನ ಗೋಡೆಗೆ ಹಮಾಮನ್ನು ಕೂಡಿಸಿ, ಹೊಗೆಯ ಕೊಳವೆಯನ್ನು ಛಾವಣಿಯ ಆಚೆ ತೆಗೆದೆವು. ಟಾಕಿ ಛಾವಣಿಯ ಮೇಲೇ ಇದ್ದದ್ದು ಈಗ ಅನುಕೂಲವಾಯಿತು, ನೀರು ತಾನೇ ಇಳಿಯುತ್ತಿತ್ತು. ಅದರ ಸುತ್ತ ಮಣ್ಣಿನ ಗೋಡೆ ಏರಿಸಿ, ಮೇಲೆ ತೊಗರಿ ಕಟ್ಟಿಗೆಯ ಚಪ್ಪರ ಹಾಕಿ ಬಿಸಿಲು ತಡೆದೆ. ಬಹಳ ಎಚ್ಚರ ಬೇಕಾದದ್ದು ಉಗಿಯ ಕೊಳವೆಗೆ. ಹಮಾಮಿನ ತಲೆಯಿಂದ ಹೊರಟು ಟಾಕಿಯ ನೀರಿಗಿಂತ ಮೇಲೆ ಏರಿ, ಬಾಗಿ, ಟಾಕಿಯ ಬಾಯಿಗೆ ತೆರೆದಿರಬೇಕು. ಅದು ಮುಚ್ಚಿದರೆ ಉಗಿಗೆ ದಾರಿಯಿಲ್ಲದೆ ತಾಮ್ರವೇ ಸಿಡಿಯುತ್ತದೆ. ಊದಿ ನೋಡಿದೆ, ನೀರು ಬಿಟ್ಟು ನೋಡಿದೆ, ಮತ್ತೆ ಊದಿ ನೋಡಿದೆ. ಮೊದಲ ಸಲ ತಳದ ಜೋಡಣೆ ಸೋರಿತು. ಬಿಚ್ಚಿ, ಸೆಣಬು ಸುತ್ತಿ, ಸಂದಿ ಮುಚ್ಚಲು ಬಿಳಿ ಬಣ್ಣ ಮೆತ್ತಿ ಮತ್ತೆ ಬಿಗಿದೆ. ಅಷ್ಟರಲ್ಲಿ ಸಗರದ ಗಾಡಿ ಬಂದು ಬೇವಿನ ಮರದ ಕೆಳಗೆ ಎತ್ತು ಬಿಚ್ಚಿತ್ತು. ಮಗ ಹಾಸಿಗೆ ಸುತ್ತಲು ಒಳಗೆ ಬಂದಿದ್ದ.

ಬೆಂಕಿ ಹಾಕಿದೆವು. ಅತ್ತೆ ನಲ್ಲಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಮೊದಲು ತಣ್ಣಗೆ, ಆಮೇಲೆ ಬೆಚ್ಚಗೆ ಬಂತು. ಅವಳ ಮುಖ ಗಂಟಿಕ್ಕಿಯೇ ಇತ್ತು. ಆಮೇಲೆ ಹೊಗೆಯಾಡುವ ನೀರು ಬಂದಾಗ ಬೆರಳು ಅದ್ದಿ, ಹಾಯ್ ಎಂದು ಕೈ ಹಿಂದೆಗೆದು, ಮಗನ ಕಡೆ ತಿರುಗಿ ಕೂಗಿದಳು: "ಲೇ, ಎತ್ತ ಕಟ್ಟಬ್ಯಾಡ! ನೀ ಸಂತಿ ಮಾಡ್ಕೊಂಡ ಮನಿಗಿ ನಡಿ. ನಾವ ಬರೂದಿಲ್ಲ."

ಡಾಕ್ಟರಮ್ಮ ಒಳಗೆ ಹೋಗಿ ನನಗೊಂದು ಕಪ್ ಚಹಾ ಕಳಿಸಿದರು.

ದೊಡ್ಡ ಇಂಜಿನಿಯರು ಹೇಳಿದಂತೆ ಸುರಪುರಕ್ಕೆ ಬಂದರು. ಮುಂಜಾನೆ ಬಚ್ಚಲಿಗೆ ಹೋದರೆ ಗೋಡೆಯಲ್ಲಿ ತೂತು. ಚೌಕೀದಾರ ನಾನು ಹೇಳಿಕೊಟ್ಟದ್ದನ್ನು ಗಟ್ಟಿಯಾಗಿಯೇ ಹೇಳಿದ. ಜೀಪು ನೆಟ್ಟಗೆ ಶಹಾಪುರಕ್ಕೆ ಬಂತು, ಅವರ ಮುಖದ ಮೇಲೆ ಗಡ್ಡ ಹಾಗೇ ಇತ್ತು.

"ಏನ್ರೀ ಇದು? ಬಂಗಲೆಯ ಬಾಯ್ಲರ್ ಇಲ್ಯಾಕಿದೆ?"

"ಬಾಯ್ಲರ್ ಅಲ್ರಿ ಸಾಹೇಬ್ರ. ಇದ ನೋಡ್ರಿ ಹಮಾಮ್ ಅಂದ್ರ. ನೀವು ಹೊಡದ ಹಾಕಿದ್ದು ಇದನ್ನ."

ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಪರದೆಯ ಹಿಂದಿನಿಂದ ಸಗರದ ಅತ್ತೆ ಸೀರೆ ಎತ್ತಿ ಕಟ್ಟಿ, ಕೈಯಲ್ಲಿ ತಂಬಿಗೆ ಹಿಡಿದು ಹೊರಬಂದಳು.

"ಯಾರ್ರಿ ಇವ್ರು? ಬಾಣಂತಿ ನೀರ ಹಾಕ್ಕೊಳಾಕತ್ತಾಳ, ಗಂಡಸ್ರು ಇಲ್ಲೇನ ಕೆಲಸ? ನಾಚ್ಗಿ ಬ್ಯಾಡೇನು? ನಡ್ರಿ ಆಚಿ!"

ನಡೆದೆವು. ಅಂಗಳದಲ್ಲಿ ನಿಂತು ಅವರು ದನಿ ತಗ್ಗಿಸಿ ಹೇಳಿದರು: "ನಾಳೆಯೊಳಗೆ ಅದು ಬಂಗಲೆಗೆ ವಾಪಸ್ ಹೋಗಬೇಕು."

"ಹೋಗ್ತದ್ರಿ. ಬಾಣಂತಿ ಕೋಣ್ಯಾಗಿಂದ ತಗದು ಬಂಗಲಿಗಿ ಹಾಕು ಅಂತ ಬರದು ಕೊಡ್ರಿ. ಸಹಿ ಮಾಡ್ರಿ. ಈಗ ಬಿಚ್ಚತೀನಿ."

ಅವರು ಜೇಬಿನಿಂದ ಪೆನ್ನು ತೆಗೆದರು. ಕ್ಯಾಪು ಬಿಚ್ಚಿದರು. ಒಳಗೆ ಕೂಸು ಅಳುತ್ತಿತ್ತು, ನೀರು ಹೊಯ್ಯುವ ಸದ್ದು ಕೇಳುತ್ತಿತ್ತು. ಕ್ಯಾಪು ಹಾಕಿ ಪೆನ್ನು ಜೇಬಿಗಿಟ್ಟು ಜೀಪು ಹತ್ತಿದರು. ನಾನು ಆ ಹೊತ್ತಿಗೆ, ಪಾಪ, ಮನುಷ್ಯನಿಗೆ ತಿಳಿಯಿತು ಎಂದುಕೊಂಡೆ. ಆ ನಂಬಿಕೆ ಬಹಳ ದಿನ ಉಳಿಯಲಿಲ್ಲ.

ಸಗರದವಳ ಮುಖಕ್ಕೆ ಬಣ್ಣ ಬಂದು, ಡಾಕ್ಟರಮ್ಮ ಹೋಗು ಎಂದ ಮೇಲೆಯೇ ಅತ್ತೆ ಸೊಸೆ ಕೂಸು ಮೂವರೂ ಗಾಡಿ ಹತ್ತಿದರು. ವಾರ್ಡು ತುಂಬತೊಡಗಿತು. ಆದರೆ ಹಮಾಮು ಒಂದೇ. ಬಾಣಂತಿಯರಿಗೆ ನೀರು ಬಿಟ್ಟರೆ ಹೆರಿಗೆ ಕೋಣೆಗಿಲ್ಲ. ಅಲ್ಲಿ ನರ್ಸು ಸೀಮೆಎಣ್ಣೆ ಸ್ಟೋವಿನ ಮೇಲೆ ಪಾತೆಲಿ ಇಟ್ಟು, ಅದು ಕಾಯುವ ತನಕ ನೋವು ತಿನ್ನುವವಳಿಗೆ ತಡಿ ತಾಯಿ, ತಡಿ ಎನ್ನುತ್ತಿದ್ದಳು. ನಾನು ಎರಡನೆಯದಕ್ಕೆ ಬರೆದೆ. ಈ ಸಲ ಹಮಾಮ್ ಎಂದು ಬರೆಯಲಿಲ್ಲ, ಬಾಯ್ಲರ್ ಎಂದೇ ಬರೆದೆ. ಉತ್ತರವಿಲ್ಲ. ಮತ್ತೆ ಬರೆದೆ. ಸದ್ಯಕ್ಕೆ ಅವಕಾಶವಿಲ್ಲ ಎಂದು ಬಂತು. ಜೊತೆಗೆ ಸರ್ಕಾರಿ ಸಾಮಾನು ಅಪ್ಪಣೆಯಿಲ್ಲದೆ ಕದಲಿಸಿದ್ದಕ್ಕೆ ಸಮಜಾಯಿಷಿ ಕೇಳಿ ಒಂದು ಮೆಮೊ.

ಆ ಮೆಮೊಗೆ ಉತ್ತರ ಬರೆಯುವ ಮುಂಚೆಯೇ ಇನ್ನೊಂದು ಕಾಗದ ಬಂತು. ಯಾದಗಿರಿ ಸ್ಟೇಷನ್ನಿಗೆ ತಾಮ್ರದ ಹೊಸ ಬಾಯ್ಲರು ಬಂದಿದೆ, ಬಿಡಿಸಿಕೊಂಡು ಸುರಪುರದ ಬಂಗಲೆಯಲ್ಲಿ ಕೂಡಿಸತಕ್ಕದ್ದು, ತುರ್ತು. ತುರ್ತು ಎಂಬುದರ ಕೆಳಗೆ ಎರಡು ಗೀಟು. ನಾನು ವಡಗೇರಾದವಳ ಸಾವನ್ನು ಬರೆದಾಗ ಮುಚ್ಚಳ ಮಾಡಿಸೆಂದವರು, ತಮ್ಮ ಒಂದು ಮುಂಜಾನೆಯ ತಣ್ಣೀರಿಗೆ ತುರ್ತು ಎಂದು ಬರೆದಿದ್ದರು.

ಸ್ಟೇಷನ್ನಿಗೆ ಹೋಗಿ ಬಿಡಿಸಿಕೊಂಡೆ. ಲಾರಿಗೆ ಹೇರಿದೆ. ಯಾದಗಿರಿಯಿಂದ ಸುರಪುರಕ್ಕೆ ಹೋಗುವ ದಾರಿ ಶಹಾಪುರದ ಮೇಲೆಯೇ ಹೋಗುತ್ತದೆ. ದವಾಖಾನೆಯ ಮುಂದೆ ಬಂದಾಗ ನಿಲ್ಲಿಸಲು ಹೇಳಿದೆ. ಪಡಸಾಲೆಯ ಕಂಬ ಹಿಡಿದು ಒಬ್ಬ ಹುಡುಗಿ ನಿಂತಿದ್ದಳು, ತುಂಬು ಬಸುರಿ, ತುಟಿ ಕಚ್ಚಿಕೊಂಡಿದ್ದಳು. ತಾಯಿಯೋ ಅತ್ತೆಯೋ ಬೆನ್ನು ತಿಕ್ಕುತ್ತಿದ್ದಳು. ನಾನು ಕೆಳಗಿಳಿದು ಲಾರಿಯ ಹಿಂದಿನ ಕೊಂಡಿ ಬಿಚ್ಚಿದೆ.

ಡ್ರೈವರು ಕಿಟಕಿಯಿಂದ ತಲೆ ಹಾಕಿದ. "ಸಾಹೇಬ್ರ, ಕಾಗದದಾಗ ಸುರಪುರ ಅಂತ ಅದರಿ. ಬಂಗಲಿ ಅಲ್ಲ್ಯದ."

"ಬಂಗಲಿ ಅಲ್ಲ್ಯದ. ಹೆರಾಕಿ ಇಲ್ಲಿ ನಿಂತಾಳ. ಇಳಸು."